ಕೊಟ್ಟೆಯಿಂದ ಮದ್ದಿನವರೆಗೆ

ಆಷಾಢದ ಮಳೆ ಬಿಡದೆ ಹೊಯ್ತಾ ಇದ್ದು. ಬೆಳಿಗ್ಗೆ ಹಿತ್ಲಲ್ಲಿ ನೋಡಿದ್ರೆ ಮರದ ಬುಡದ ತುಂಬ ಹಸಿ ಅಡಿಕೆ. ಕೊಳೆ ಬಂತು ಹೇಳಿ ಎದೆ ಧಸಕ್ ಅಂತು.

ಹಿಂದೆ ಮಳೆಗಾಲಕ್ಕೆ ಮೊದಲೇ ಕೊನೆಕೊನೆಗೂ ಹಾಳೆಯ ಕೊಟ್ಟೆ ಕಟ್ಟುತ್ತಿದ್ದರು ಹೇಳಿ ನಮ್ಮತ್ತೆ ಹೇಳ್ತಿತ್ತು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಕೋಲ್ಮನ್ ಸಾಹೇಬರು ಕೊಳೆರೋಗವನ್ನು ಅಭ್ಯಾಸ ಮಾಡಿ, ಫ್ರಾನ್ಸಿನ ದ್ರಾಕ್ಷಿ ತೋಟದ ಬೋರ್ಡೋ ಮದ್ದನ್ನು ಅಡಿಕೆಗೆ ಹೊಡೆಸಿದರು. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಇದು ಇವತ್ತಿನ ಅಳತೆ.

ಆದ್ರೆ ಮಳೆ ಹಿಡಿಯೋ ಮೊದಲೇ ಹೊಡೆಯವು. ಈ ವರ್ಷ ಕೊನೆಗೌಡ ಸಿಗದೆ ಒಂದು ವಾರ ತಡ ಆತು, ಅಷ್ಟೇ. ಕೊಟ್ಟೆ ತಡ ಆದ್ರೂ ಹಿಂಗೇ ಆಗ್ತಿತ್ತಡ. ನಿಂಗ್ಳ ಹಿತ್ಲಲ್ಲೂ ಉದುರಿದ್ರೆ ಹೆಕ್ಕಿ ದೂರ ಹಾಕಿ, ಬುಡದಲ್ಲಿ ಬಿಡಡಿ.