ಒಣಬಾಯಿ ತಪ್ಪಿಸಲು ನೂರು ವರ್ಷ ಬೇಕಾಯಿತು

ಬಾಯಿ, ಗಂಟಲಿನ ಕ್ಯಾನ್ಸರ್‌ಗೆ ಕೊಡುವ ರೇಡಿಯೋಥೆರಪಿಯನ್ನು ನಮ್ಮ ಕಡೆ ‘ಕರೆಂಟ್ ಕೊಡೋದು’ ಅಂತಾರೆ. ನಿಜಕ್ಕೂ ಅಲ್ಲಿ ಮೈಗೆ ವಿದ್ಯುತ್ ಹರಿಸುವುದಿಲ್ಲ, ಕಣ್ಣಿಗೆ ಕಾಣದ ಕಿರಣ ಬಿಡುತ್ತಾರೆ. ಗಡ್ಡೆ ಕರಗಿದರೂ ಬಾಯಿ ಒಣಗಿ, ಮುದ್ದೆ ನುಂಗಲಾಗದೆ, ಮಲಗುವಾಗಲೂ ಪಕ್ಕದಲ್ಲಿ ಚೊಂಬು ನೀರು ಇಟ್ಟುಕೊಳ್ಳುವವರನ್ನು ನೀವೂ ನೋಡಿರಬಹುದು. ಈ ಕಷ್ಟ ಕಡಿಮೆ ಮಾಡುವ ದಾರಿ ಸಿಕ್ಕಿದ್ದು ಹೇಗೆ?

1895ರಲ್ಲಿ ಜರ್ಮನಿಯ ರಾಂಟ್‌ಜನ್ ಎಕ್ಸ್-ರೇ ಕಂಡುಹಿಡಿದರು. ಕೆಲವೇ ವರ್ಷಗಳಲ್ಲಿ ವೈದ್ಯರು ಅದನ್ನು ಗಡ್ಡೆಗಳ ಮೇಲೆ ಬಿಡತೊಡಗಿದರು. ಒಂದೇ ಸಲಕ್ಕೆ ಹೆಚ್ಚು ಕೊಟ್ಟರೆ ಗಡ್ಡೆಯ ಜೊತೆ ಚರ್ಮವೂ ಸುಡುತ್ತಿತ್ತು.

ಇದಕ್ಕೆ ಉತ್ತರದ ಸುಳಿವು ಕೊಟ್ಟದ್ದು ಟಗರು! ಪ್ಯಾರಿಸ್‌ನ ರೇಡಿಯಂ ಸಂಸ್ಥೆಯಲ್ಲಿ ಕ್ಲಾಡಿಯಸ್ ರೆಗೋ ಟಗರಿನ ಬೀಜಕ್ಕೆ ಕಿರಣ ಬಿಟ್ಟು ನೋಡಿದರು. ಒಂದೇ ಸಲ ಕೊಟ್ಟಾಗ ಚರ್ಮ ಸುಟ್ಟುಹೋಯಿತು. ಹಲವು ದಿನಗಳಿಗೆ ಹಂಚಿ ಕೊಟ್ಟಾಗ ಬೀಜದ ಶಕ್ತಿ ನಿಂತಿತು, ಚರ್ಮ ಉಳಿಯಿತು. ಅದೇ ಸಂಸ್ಥೆಯ ಹೆನ್ರಿ ಕೂಟಾರ್ 1920ರ ದಶಕದಲ್ಲಿ ಗಂಟಲಿನ ಕ್ಯಾನ್ಸರ್ ರೋಗಿಗಳಿಗೆ ವಾರಗಟ್ಟಲೆ ಸ್ವಲ್ಪಸ್ವಲ್ಪ ಕಿರಣ ಕೊಟ್ಟು ಗುಣಪಡಿಸಿ ತೋರಿಸಿದರು. ಇವತ್ತಿಗೂ ಆರೇಳು ವಾರ ದಿನಾ ಆಸ್ಪತ್ರೆಗೆ ಅಲೆಯಬೇಕಾಗಿರುವುದು ಇದೇ ಕಾರಣಕ್ಕೆ.

1951ರಲ್ಲಿ ಕೆನಡಾದಲ್ಲಿ ಕೋಬಾಲ್ಟ್ ಯಂತ್ರ ಬಂತು. ಕಿರಣ ಆಳಕ್ಕೆ ಇಳಿಯಿತು, ಚರ್ಮ ಸುಡುವುದು ತಗ್ಗಿತು. ಆದರೆ ಮುಖದ ಎಡಬಲದಿಂದ ಬಿಡುತ್ತಿದ್ದ ಕಿರಣದ ದಾರಿಯಲ್ಲೇ ಪೆರೋಟಿಡ್ ಗ್ರಂಥಿಗಳಿದ್ದವು. ಮಂಗನಬಾವು ಬಂದಾಗ ಕಿವಿಯ ಬುಡದಲ್ಲಿ ಊದಿಕೊಳ್ಳುತ್ತವಲ್ಲ, ಅವೇ ಇವು. ಊಟಕ್ಕೆ ಕೂತಾಗ ಬಾಯಲ್ಲಿ ನೀರೂರಿಸುವ ಗ್ರಂಥಿಗಳು. ಅವು ಬೆಂದರೆ ಬಾಯಿ ಒಣಗದೆ ಇನ್ನೇನಾದೀತು?

ಗ್ರಂಥಿಯನ್ನು ಉಳಿಸಬೇಕಾದರೆ ಮೊದಲು ಅದು ಎಲ್ಲಿದೆಯೆಂದು ಕಾಣಬೇಕು. 1971ರಲ್ಲಿ ಇಂಗ್ಲೆಂಡಿನಲ್ಲಿ ಹೌನ್ಸ್‌ಫೀಲ್ಡ್ ಅವರ ಸಿಟಿ ಸ್ಕ್ಯಾನ್‌ನಲ್ಲಿ ಮೊದಲ ರೋಗಿಯ ತಲೆಯೊಳಗಿನ ಚಿತ್ರ ಸಿಕ್ಕಿತು. 1990ರ ದಶಕದಲ್ಲಿ ಐಎಂಆರ್‌ಟಿ ಎಂಬ ವಿಧಾನ ಆಸ್ಪತ್ರೆಗಳಿಗೆ ಬಂತು. ವೈದ್ಯರು ಸ್ಕ್ಯಾನ್ ಮೇಲೆ ಗಡ್ಡೆಗೂ ಗ್ರಂಥಿಗೂ ಬೇರೆಬೇರೆ ಗೆರೆ ಎಳೆದು, ಎಲ್ಲಿಗೆ ಎಷ್ಟು ಕಿರಣ ಎಂದು ಮಿತಿ ಹಾಕುತ್ತಾರೆ. ಕಂಪ್ಯೂಟರ್ ಮತ್ತೆಮತ್ತೆ ಲೆಕ್ಕ ಹಾಕಿ ಆ ಮಿತಿಗೆ ಹತ್ತಿರದ ಪ್ಲಾನ್ ಹುಡುಕುತ್ತದೆ. ಗಡ್ಡೆ ಗ್ರಂಥಿಗೆ ಅಂಟಿಕೊಂಡಿದ್ದರೆ ಆ ಬದಿಯ ಗ್ರಂಥಿಯನ್ನು ಬಿಟ್ಟುಕೊಟ್ಟು ಇನ್ನೊಂದನ್ನು ಉಳಿಸಬೇಕಾಗಬಹುದು. ಆ ತೀರ್ಮಾನ ವೈದ್ಯರದ್ದು, ಕಂಪ್ಯೂಟರಿನದ್ದಲ್ಲ.

ಇದರಿಂದ ಉಪಯೋಗ ಆಯಿತೇ? ಬ್ರಿಟನ್ನಿನ 94 ರೋಗಿಗಳ ಪರೀಕ್ಷೆಯ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಒಂದು ವರ್ಷದ ನಂತರ ಹಳೆಯ ವಿಧಾನದವರಲ್ಲಿ ಶೇ. 74 ಮಂದಿಗೆ ಬಾಯಿ ಒಣಗುವ ತೊಂದರೆ ಹೆಚ್ಚಾಗಿತ್ತು. ಐಎಂಆರ್‌ಟಿ ಪಡೆದವರಲ್ಲಿ ಅದು ಶೇ. 38. ಬದುಕುಳಿದವರ ಪ್ರಮಾಣದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಅಂದರೆ ಜೊಲ್ಲು ಉಳಿಸಲು ಹೋಗಿ ಜೀವಕ್ಕೆ ಕುತ್ತು ತಂದಂತೆ ಕಾಣಲಿಲ್ಲ.

ಬೀಡಿ, ಗುಟ್ಕಾ, ಹೊಗೆಸೊಪ್ಪಿನಿಂದ ಬಾಯಿ ಕ್ಯಾನ್ಸರ್ ನಮ್ಮಲ್ಲಿ ಬಹಳ. ಮನೆಯವರಿಗೆ ಕರೆಂಟ್ ಕೊಡಬೇಕು ಅಂದರೆ, ಶುರುವಾಗುವ ಮೊದಲೇ ವೈದ್ಯರನ್ನು ಕೇಳಿ: ‘ಸಾರ್, ಜೊಲ್ಲಿನ ಗ್ರಂಥಿ ಉಳಿಸೋಕಾಗುತ್ತಾ? ಹಲ್ಲು ಮೊದಲೇ ತೋರಿಸಬೇಕಾ?’ ಪ್ಲಾನ್ ಆಗುವ ಮುಂಚೆ ಕೇಳಿದರೆ ಮಾತ್ರ ಆ ಪ್ರಶ್ನೆಗೆ ಬೆಲೆ.