ಮನೆಯವರು ಊರಿಗೆ ಹೊರಟಾಗ ಗಿಳಿ

ಸಂಸ್ಕೃತದ 'ಶುಕಸಪ್ತತಿ' ಒಂದು ಪ್ರಯಾಣದ ಕಥೆ. ಆದರೆ ಅದು ನಡೆಯುವುದು ಪ್ರಯಾಣಿಕನಿಲ್ಲದ ಮನೆಯಲ್ಲಿ. ವರ್ತಕ ದೂರದೇಶಕ್ಕೆ ಹೋಗಿದ್ದಾನೆ. ಮನೆಯಲ್ಲಿ ಹೆಂಡತಿ ಪ್ರಭಾವತಿ, ಮತ್ತೆ ಅವನು ಸಾಕಿದ ಗಿಳಿ. ಅವಳು ಪರಪುರುಷನನ್ನು ಕಾಣಲು ಸಿಂಗರಿಸಿಕೊಂಡು ಹೊರಟ ಪ್ರತಿ ಇರುಳೂ ಗಿಳಿ ಒಂದೊಂದು ಕಥೆ ತೆಗೆಯುತ್ತದೆ. ಕಥೆ ಮುಗಿಯುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಹೀಗೆ ಎಪ್ಪತ್ತು ಕಥೆ. 1330ರ ಸುಮಾರಿಗೆ ಜಿಯಾಉದ್ದೀನ್ ನಕ್ಷಬಿ ಈ ಬಗೆಯ ಕಥೆಗಳನ್ನು ಪಾರಸಿಯಲ್ಲಿ 'ತೂತಿನಾಮಾ' ಎಂದು ಹೊಸದಾಗಿ ಹೆಣೆದ. ಅಕ್ಬರನ ಚಿತ್ರಶಾಲೆಯಲ್ಲಿ ಸಿದ್ಧವಾದ ಅದರ ಸಚಿತ್ರ ಪ್ರತಿಯ ಬಹುಭಾಗ ಇಂದು ಅಮೆರಿಕದ ಕ್ಲೀವ್‌ಲ್ಯಾಂಡ್ ಕಲಾ ಸಂಗ್ರಹಾಲಯದಲ್ಲಿದೆ. ಪಾರಸಿ ಕಥೆಯಲ್ಲಿ ನೇರವಾಗಿ ಬುದ್ಧಿ ಹೇಳಿದ ಮೈನಾ ಪ್ರಾಣ ಕಳೆದುಕೊಳ್ಳುತ್ತದೆ. ಅದನ್ನು ಕಂಡ ಗಿಳಿ ಕಥೆಯ ದಾರಿ ಹಿಡಿಯುತ್ತದೆ.

ಯಜಮಾನನಿಲ್ಲದ ಮನೆಯನ್ನು ಗಿಳಿ ಕಾಯ್ದದ್ದನ್ನು ನಾವು ಶತಮಾನಗಳಿಂದ ಕೇಳುತ್ತ ಬಂದಿದ್ದೇವೆ. ಯಜಮಾನನಿಲ್ಲದಾಗ ಗಿಳಿಯನ್ನು ಕಾಯುವವರು ಯಾರು ಎಂಬ ಪ್ರಶ್ನೆ ಮಾತ್ರ ಹಳೆಯ ಗ್ರಂಥಗಳಲ್ಲಿ ಅಪರೂಪ. ದಸರಾ, ದೀಪಾವಳಿ, ಬೇಸಿಗೆ ರಜೆ ಬಂತೆಂದರೆ ಮುಂಬೈ, ಪುಣೆ, ಹೈದರಾಬಾದಿನ ನಮ್ಮ ಮನೆಗಳಿಗೆ ಬೀಗ ಬಿದ್ದು ನಾವು ಊರಿನ ಬಸ್ಸು ಹತ್ತುತ್ತೇವೆ. ಆಗ ಈ ಪ್ರಶ್ನೆ ನಮ್ಮದಾಗುತ್ತದೆ. ಪ್ರಭಾವತಿಯ ಗಿಳಿಗೆ ಇರುಳಿರುಳೂ ಕಥೆ ಕೇಳುವವರೊಬ್ಬರಾದರೂ ಇದ್ದರು.

ಗಿಳಿಯಿಂದ ಮನುಷ್ಯನಿಗೆ ಬೇಕಾದದ್ದು ಮೊದಲಿನಿಂದಲೂ ಅದರ ಮಾತು. ವಾತ್ಸ್ಯಾಯನ ಅರವತ್ತನಾಲ್ಕು ಕಲೆಗಳ ಪಟ್ಟಿಯಲ್ಲಿ ಗಿಳಿ, ಶಾರಿಕೆಗಳಿಗೆ ಮಾತು ಕಲಿಸುವುದನ್ನೂ ಸೇರಿಸಿದ. ಕೌಟಿಲ್ಯನಿಗೆ ಬೇಕಾದದ್ದು ಕೂಗು: ಅರಮನೆಯಲ್ಲಿ ಹಾವಿನ ಅಥವಾ ವಿಷದ ಸುಳಿವು ಸಿಕ್ಕರೆ ಇವು ಕಿರುಚಿ ಎಚ್ಚರಿಸುತ್ತವೆ ಎಂದು ಅರ್ಥಶಾಸ್ತ್ರ ಹೇಳುತ್ತದೆ. ಹಕ್ಕಿಯಿಂದ ಏನನ್ನೂ ಕೇಳದೆ ಅದರ ಪರವಾಗಿ ಮಾತಾಡಿದವನು ಅಶೋಕ. ತನ್ನ ಅಭಿಷೇಕದ 26 ವರ್ಷಗಳ ನಂತರ ಬರೆಯಿಸಿದ ಐದನೆಯ ಸ್ತಂಭಶಾಸನದಲ್ಲಿ, ಕೊಲ್ಲಬಾರದ ಜೀವಿಗಳ ಪಟ್ಟಿ ಆರಂಭವಾಗುವುದೇ ಗಿಳಿಯಿಂದ, ಎರಡನೆಯದು ಶಾರಿಕೆ.

ಅಲೆಕ್ಸಾಂಡರನ ನೌಕಾಧಿಪತಿ ನಿಯಾರ್ಕಸ್ ಮಾತಾಡುವ ಹಕ್ಕಿಯನ್ನು ಭಾರತದ ಅದ್ಭುತವೆಂದು ವರ್ಣಿಸಿದ್ದ. ಶತಮಾನಗಳ ಮೇಲೆ ಅದನ್ನು ಓದಿದ ಏರಿಯನ್, ತಾನೇ ಹಲವು ಗಿಳಿಗಳನ್ನು ಕಂಡಿರುವುದರಿಂದ ಅದರಲ್ಲಿ ವಿಶೇಷವೇನೂ ಇಲ್ಲವೆಂದು ಮುಂದೆ ಸಾಗುತ್ತಾನೆ. ಅಷ್ಟರಲ್ಲಿ ನಮ್ಮ ಗಿಳಿ ರೋಮಿನವರ ಮನೆ ಸೇರಿಯಾಗಿತ್ತು. ಭಾರತದಿಂದ ಬರುವ, ಮೈಯೆಲ್ಲ ಹಸಿರು, ಕೊರಳಲ್ಲಿ ಕೆಂಪು ಪಟ್ಟಿಯ ಹಕ್ಕಿ ಎಂದು ಪ್ಲಿನಿ ಕೊಟ್ಟ ವಿವರ ಇಂದಿಗೂ ಸರಿಹೊಂದುತ್ತದೆ. ಆದರೆ ಅವನು ಮುಂದೆ ಬರೆದದ್ದು ಎದೆ ನಡುಗಿಸುತ್ತದೆ: ಅದರ ತಲೆ ಕೊಕ್ಕಿನಷ್ಟೇ ಗಟ್ಟಿಯಂತೆ, ಮಾತು ಕಲಿಸುವಾಗ ಕಬ್ಬಿಣದ ಸಲಾಕೆಯಿಂದ ಹೊಡೆಯದಿದ್ದರೆ ಅದಕ್ಕೆ ತಾಗುವುದೇ ಇಲ್ಲವಂತೆ. ದ್ರಾಕ್ಷಾರಸ ಕುಡಿಸಿದರೆ ಅದರ ತುಂಟತನ ಹೆಚ್ಚುತ್ತದೆ ಎಂಬುದೂ ಅವನ ಮಾತೇ. ಹಬ್ಬದೂಟದ ಮನೆಗಳಲ್ಲಿ ಗಿಳಿಯ ಮುಂದೆ ಲೋಟ ಹಿಡಿದು ನಗುವ ಅತಿಥಿಗಳು ಇಂದಿಗೂ ಸಿಗುತ್ತಾರೆ. ಅವರು ಎರಡು ಸಾವಿರ ವರ್ಷ ಹಳೆಯ ಮೂರ್ಖತನದ ವಾರಸುದಾರರು.

ಇದರ ಪಕ್ಕದಲ್ಲಿ ಬಾಣಭಟ್ಟನನ್ನಿಡಬೇಕು. 'ಕಾದಂಬರಿ'ಯ ವೈಶಂಪಾಯನ ಗಿಳಿ ನಾಗವರ್ಮನ 'ಕರ್ಣಾಟಕ ಕಾದಂಬರಿ'ಯ ಮೂಲಕ ಕನ್ನಡಿಗರಿಗೆ ಹಳೆಯ ಪರಿಚಯದ್ದು. ಚಿನ್ನದ ಪಂಜರದಲ್ಲಿ ಬಂದ ಅದು ಶೂದ್ರಕ ರಾಜನ ಸಭೆಯಲ್ಲಿ ಕಾಲೆತ್ತಿ ಶ್ಲೋಕ ಹೇಳುತ್ತದೆ; ಸಭೆ ಬೆರಗಾಗುತ್ತದೆ. ರಾಜ ಕೂಡಲೇ ಅದರ ವೃತ್ತಾಂತ ಕೇಳುವುದಿಲ್ಲ. ಒಳಗೆ ಕರೆದೊಯ್ದು ಉಪಚರಿಸಿರೆಂದು ಹೇಳಿ ತಾನು ಸ್ನಾನ, ಭೋಜನಕ್ಕೆ ಏಳುತ್ತಾನೆ. ಮತ್ತೆ ಭೇಟಿಯಾದಾಗ ಅವನ ಮೊದಲ ಪ್ರಶ್ನೆ, ರುಚಿಯಾದದ್ದೇನಾದರೂ ತಿಂದೆಯಾ ಎಂಬುದು. ನೇರಳೆಯ ರಸ, ದಾಳಿಂಬೆಯ ಕಾಳು ಎಂದು ಗಿಳಿ ತಿಂದದ್ದನ್ನೆಲ್ಲ ಹೇಳಿಕೊಳ್ಳುತ್ತದೆ. ಆಮೇಲಷ್ಟೇ ಕಥೆ: ಬೂರುಗದ ಮರದ ಪೊಟರೆ, ಮರವೇರಿ ಮರಿಗಳ ಕತ್ತು ಹಿಸುಕಿ ಕೆಳಗೆಸೆದ ಮುದಿ ಬೇಡ, ರೆಕ್ಕೆಯಡಿ ಮರಿಯನ್ನು ಮುಚ್ಚಿಕೊಂಡೇ ಸತ್ತ ತಂದೆ ಗಿಳಿ, ಒಣಗಿದೆಲೆಗಳ ರಾಶಿಯ ಮೇಲೆ ಬಿದ್ದು ಬದುಕಿದ ಒಂದೇ ಮರಿ. ಪಂಜರದ ಹಿಂದೆ ಒಂದು ಮರವಿದೆ, ಮರದಲ್ಲಿ ಒಂದು ಮನೆಯಿತ್ತು ಎಂಬುದನ್ನು ಇಷ್ಟು ಬಿಚ್ಚಿ ಹೇಳಿದ ಹಳೆಯ ಕವಿ ನಮ್ಮ ಓದಿಗೆ ಬೇರೊಬ್ಬ ಸಿಕ್ಕಿಲ್ಲ.

ಅರ್ಥವರಿಯದೆ ಒಪ್ಪಿಸುವುದಕ್ಕೆ ಕನ್ನಡದಲ್ಲಿ 'ಗಿಳಿಪಾಠ' ಎನ್ನುತ್ತೇವೆ. ಮಾತು ಚೆನ್ನಾಗಿದೆ, ಗಿಳಿಗೆ ನ್ಯಾಯವಾಗಿಲ್ಲ. ಕಾಡಿನ ಗಿಳಿಗಳು ಹಿಂಡಿನಲ್ಲಿ ಬಾಳುತ್ತವೆ. ಒಂದರ ಕರೆಗೆ ಇನ್ನೊಂದು ಓಗೊಟ್ಟು, ಇಲ್ಲೇ ಇದ್ದೇನೆ ಎಂದು ತಿಳಿಸುತ್ತಿರುತ್ತದೆ. ಆ ಕರೆಗಳನ್ನು ಮರಿಗಳು ಹಿರಿಯರಿಂದ ಕಲಿಯುತ್ತವೆ. ಹಿಂಡು ತಪ್ಪಿ ಮನೆಗೆ ಬಂದ ಗಿಳಿಗೆ ಮನೆಯವರೇ ಹಿಂಡು. ನಮ್ಮ ಮಾತನ್ನು ಅದು ಅನುಕರಿಸುವುದು ಆ ಹಿಂಡಿಗೆ ಸೇರಲೆಂದೇ. ಚೆನ್ನೈನ ಮೂರನೆಯ ಮಹಡಿಯಲ್ಲಿ ಗಿಳಿಯೊಂದು ಕನ್ನಡದಲ್ಲಿ ಕೂಗಿದರೆ ನಮಗೆ ತಮಾಷೆ. ಅದಕ್ಕೆ ಅದು ಬಳಗವನ್ನು ಕರೆಯುವ ಕೂಗು. ಬೀಗ ಹಾಕಿದ ಮನೆಯಲ್ಲಿ ಆ ಕೂಗಿಗೆ ಓಗೊಡುವವರಿಲ್ಲ. ಒಂಟಿತನಕ್ಕೆ ಬೇಸತ್ತ ಗಿಳಿ ತನ್ನ ಗರಿಯನ್ನು ತಾನೇ ಕಿತ್ತುಕೊಳ್ಳುವುದನ್ನು ಪಶುವೈದ್ಯರು ಚೆನ್ನಾಗಿ ಬಲ್ಲರು.

ಇಲ್ಲಿ ಕಾನೂನಿನ ಮಾತನ್ನೂ ಹೇಳಬೇಕು. ಮಧುರೆಯ ಮೀನಾಕ್ಷಿ ದೇವಾಲಯದ ಗಿಳಿಗೂಡು ಮಂಟಪದಲ್ಲಿ ಹಿಂದೆ ದೇವಿಯ ಹೆಸರು ಹೇಳುವ ಗಿಳಿಗಳಿದ್ದವು. ಇಂದು ಉಳಿದಿರುವುದು ಹೆಸರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ನಮ್ಮ ನಾಡಿನ ಗಿಳಿಗಳನ್ನು ಹಿಡಿಯುವುದು, ಮಾರುವುದು, ಸಾಕುವುದು ಅಪರಾಧ. ಗಿಣಿಶಾಸ್ತ್ರದವನ ಪೆಟ್ಟಿಗೆಯ ಗಿಳಿಯೂ ಇದಕ್ಕೆ ಹೊರತಲ್ಲ. ಅದಕ್ಕೆಂದೇ ಇಂದಿನ ಮನೆಗಳಲ್ಲಿರುವುದು ಹೆಚ್ಚಾಗಿ ಆಸ್ಟ್ರೇಲಿಯಾ ಮೂಲದ ಬಜ್ರಿಗರ್, ಕಾಕಟೀಲ್, ಆಫ್ರಿಕಾ ಮೂಲದ ಲವ್‌ಬರ್ಡ್. ಬಜ್ರಿಗರ್ ಹಕ್ಕಿಗಳನ್ನು 1840ರಲ್ಲಿ ಜಾನ್ ಗೌಲ್ಡ್ ಇಂಗ್ಲೆಂಡಿಗೆ ಒಯ್ದ ಮೇಲೆ ಅವು ಲೋಕವೆಲ್ಲ ಹರಡಿದವು.

ಈ ಪರದೇಶಿಗಳಿಗೆ ನಮ್ಮ ದೀಪಾವಳಿ ಕಠಿಣ. ಹಕ್ಕಿಯ ಶ್ವಾಸಕೋಶದಲ್ಲಿ ಗಾಳಿ ಒಂದೇ ದಿಕ್ಕಿಗೆ ಹರಿಯುತ್ತದೆ. ಉಸಿರೆಳೆದಾಗಲೂ ಬಿಟ್ಟಾಗಲೂ ಹೊಸ ಗಾಳಿ ಸಿಗುವ ಈ ಏರ್ಪಾಡು ಹಾರಾಟಕ್ಕೆ ವರ, ಹೊಗೆಯಲ್ಲಿ ಶಾಪ. ಪಟಾಕಿ, ಧೂಪ, ಊದಿನಕಡ್ಡಿಗಳಿಂದ ದೂರದ ಒಳಕೋಣೆಯೇ ಅದಕ್ಕೆ ಸರಿ. ನಾನ್‌ಸ್ಟಿಕ್ ಬಾಣಲೆ ಅತಿಯಾಗಿ ಕಾದರೆ ಹೊರಡುವ ಅನಿಲ ಮನುಷ್ಯನಿಗೆ ಹೆಚ್ಚೇನೂ ತಿಳಿಯದಿರುವಾಗಲೇ ಹಕ್ಕಿಯನ್ನು ಕೊಲ್ಲಬಲ್ಲದು. ಚಕ್ಕುಲಿ ಕರಿಯಲು ಕಬ್ಬಿಣದ ಬಾಣಲೆ ಸಾಕು. ಸದ್ದಿಗೆ ಬೆಚ್ಚಿದ ಕಾಕಟೀಲ್ ಕತ್ತಲಲ್ಲಿ ಪಂಜರಕ್ಕೆ ಅಪ್ಪಳಿಸಿಕೊಂಡು ರೆಕ್ಕೆ ಮುರಿದುಕೊಳ್ಳುತ್ತದೆ. ಸಣ್ಣ ದೀಪವೊಂದು ಉರಿಯುತ್ತಿರಲಿ. ನೆಂಟರು ತುಂಬಿದ ಮನೆಯಲ್ಲಿ ಯಾರೋ ಪ್ರೀತಿಯಿಂದ ಪಂಜರದ ಬಾಗಿಲು ತೆರೆಯುತ್ತಾರೆ, ಮೇಲೆ ಫ್ಯಾನು ತಿರುಗುತ್ತಿರುತ್ತದೆ. ಚಾಕೊಲೇಟು, ಬೆಣ್ಣೆಹಣ್ಣು ಎರಡೂ ಅದಕ್ಕೆ ವಿಷ.

ಊರಿಗೆ ಹೋಗುವುದಾದರೆ ಗಿಳಿಯನ್ನು ಬಸ್ಸಿನಲ್ಲಿ ಒಯ್ಯುವುದಕ್ಕಿಂತ ಪರಿಚಿತರೊಬ್ಬರು ನಮ್ಮ ಮನೆಗೇ ಬಂದು ನೋಡಿಕೊಳ್ಳುವುದು ಲೇಸು. ಹೊರಡುವ ದಿನ ಕೀಲಿಕೈ ಕೊಟ್ಟರೆ ಸಾಲದು. ಒಂದೆರಡು ವಾರ ಮೊದಲಿಂದಲೇ ಅವರು ಬಂದುಹೋಗಲಿ, ಅವರ ಕೈಯಿಂದ ಗಿಳಿ ತಿನ್ನಲಿ. ಹೊತ್ತು ಕಳೆಯಲು ಅದಕ್ಕೆ ಕೆಲಸ ಬೇಕು: ಕಾಗದದಲ್ಲಿ ಸುತ್ತಿಟ್ಟ ಕಾಳು, ಸಜ್ಜೆಯ ತೆನೆ, ಹಸಿಮೆಣಸಿನಕಾಯಿ, ಕಚ್ಚಿ ಚೂರು ಮಾಡಲು ಬಣ್ಣ ಬಳಿಯದ ಬೇವಿನ ಕಡ್ಡಿ. ನಮ್ಮ ದನಿಯ ಧ್ವನಿಮುದ್ರಿಕೆ ಹಾಕಿ ಹೋಗುವವರಿದ್ದಾರೆ. ನಮಗದು ಒಪ್ಪಿಗೆಯಿಲ್ಲ, ಗಿಳಿ ಕೂಗಿದರೆ ಅದು ಮರುನುಡಿಯುವುದಿಲ್ಲ.

ನೋಡಿಕೊಳ್ಳುವವರು ಪಕ್ಕದ ಮನೆಯ ಮರಾಠಿಯವರೋ ತೆಲುಗರೋ ಆಗಿದ್ದರೆ ಇನ್ನೊಂದು ಸಣ್ಣ ಕೆಲಸವಿದೆ. ಬಾರೋ, ಊಟ ಆಯ್ತಾ, ಮಲಗು ಎಂದು ಗಿಳಿ ದಿನವೂ ಕೇಳುವ ಹತ್ತು ಹನ್ನೆರಡು ಮಾತುಗಳನ್ನು ಅವರ ಲಿಪಿಯಲ್ಲಿ ಬರೆದು ಪಂಜರದ ಹತ್ತಿರ ಅಂಟಿಸಿ, ಉಚ್ಚಾರವನ್ನು ಒಮ್ಮೆ ಹೇಳಿಕೊಟ್ಟು ಹೊರಡಬೇಕು.