ಪಾರ್ಸೆಲ್ ಲೈನ್ ಹಿಡಿಯುವ ಮುನ್ನ ಈ ಲೆಕ್ಕ ನೋಡಿ: ಡೆಲಿವರಿ ಗುತ್ತಿಗೆಯಲ್ಲಿ ಉಳಿಯೋದೆಷ್ಟು?

ಆನ್‌ಲೈನ್ ಖರೀದಿ ಹಳ್ಳಿ ಹಳ್ಳಿಗೂ ತಲುಪಿದೆ. ಆದರೆ ಪಾರ್ಸೆಲ್ ಮನೆ ಬಾಗಿಲಿಗೆ ತರುವವರು ಬಹುತೇಕ ಕಂಪನಿಯ ನೌಕರರಲ್ಲ. ತಾಲ್ಲೂಕು ಮಟ್ಟದಲ್ಲಿ ಇಷ್ಟು ಪಿನ್‌ಕೋಡ್ ಎಂದು ಗುತ್ತಿಗೆ ಹಿಡಿದ ಸ್ಥಳೀಯರು ಹುಡುಗರನ್ನು ಇಟ್ಟುಕೊಂಡು ಈ ಕೆಲಸ ನಡೆಸುತ್ತಾರೆ. ‘ದಿನಕ್ಕೆ ಇಷ್ಟು ಪಾರ್ಸೆಲ್ ಗ್ಯಾರಂಟಿ’ ಎಂಬ ಮಾತು ಕೇಳಿ ದುಡ್ಡು ಹಾಕುವ ಮುನ್ನ ತಿಳಿದಿರಬೇಕಾದ ಅಂಶಗಳು ಇಲ್ಲಿವೆ.

ಆದಾಯ ಹೇಗೆ?
ಸಾಮಾನ್ಯವಾಗಿ ತಲುಪಿಸಿದ ಪಾರ್ಸೆಲ್‌ಗೆ ಇಂತಿಷ್ಟು ಎಂದು ದರ. ಗ್ರಾಹಕ ಫೋನ್ ಎತ್ತಲಿಲ್ಲ, ‘ನಾಳೆ ಬನ್ನಿ’ ಅಂದ, ಬೇಡ ಅಂದ ಅಂದ್ರೆ ಪೆಟ್ರೋಲ್ ಖರ್ಚಾಗುತ್ತದೆ, ದರ ಸಿಗುವುದಿಲ್ಲ. ವಾಪಸ್ ಪಾರ್ಸೆಲ್‌ಗೆ ಹಣ ಉಂಟೋ ಇಲ್ಲವೋ ಎಂಬುದನ್ನು ಕರಾರಿನಲ್ಲೇ ನೋಡಿಕೊಳ್ಳಬೇಕು.

ಒಂದು ಉದಾಹರಣೆ
ಪಾರ್ಸೆಲ್‌ಗೆ 15 ರೂ. ದರ, ಒಬ್ಬ ಹುಡುಗ, ಒಂದು ಬೈಕ್, ತಿಂಗಳಿಗೆ 26 ದಿನ ಕೆಲಸ ಎಂದುಕೊಳ್ಳೋಣ. ಪೆಟ್ರೋಲ್ ಕಿ.ಮೀ.ಗೆ ಸುಮಾರು 2.30 ರೂ.

ಪಟ್ಟಣದ ಲೈನ್: ದಿನಕ್ಕೆ 40 ಕಿ.ಮೀ. ಓಡಾಟ, 70 ಪಾರ್ಸೆಲ್ ತಲುಪಿದರೆ ತಿಂಗಳ ಆದಾಯ 27,300 ರೂ. ಸಂಬಳ 14,000, ಪೆಟ್ರೋಲ್ 2,400, ಬಾಡಿಗೆ-ಕರೆಂಟ್-ಫೋನ್ 4,000, ರಿಪೇರಿ 1,500, ಬೈಕ್ ಸಾಲದ ಕಂತು 3,000. ಒಟ್ಟು ಖರ್ಚು 24,900. ಉಳಿಯೋದು 2,400 ರೂ. ಮಾತ್ರ.

ಹಳ್ಳಿ ಲೈನ್: 100 ಕಿ.ಮೀ. ಓಡಾಟ, 50 ಪಾರ್ಸೆಲ್. ಆದಾಯ 19,500 ರೂ. ಪೆಟ್ರೋಲ್ ಒಂದೇ ಸುಮಾರು 6,000 ಆಗುತ್ತದೆ. ಉಳಿದ ಖರ್ಚು ಅಷ್ಟೇ ಇದ್ದರೂ ಒಟ್ಟು 28,500 ರೂ. ಅಂದರೆ 9,000 ರೂ. ಕೈಯಿಂದ ಹೋಗುತ್ತದೆ. ಈ ಲೈನ್ ಸರಿಸಮ ಆಗಬೇಕಾದರೆ ಪಾರ್ಸೆಲ್‌ಗೆ 22 ರೂ. ಸಿಗಬೇಕು.

ಹಾಗಾಗಿ ಕೇಳಬೇಕಾದ್ದು ಎಷ್ಟು ಪಾರ್ಸೆಲ್ ಅಂತ ಮಾತ್ರವಲ್ಲ, ಎಷ್ಟು ಕಿ.ಮೀ.ಗೆ ಎಷ್ಟು ಪಾರ್ಸೆಲ್ ಅಂತ. ಮಾಲೀಕರೇ ಬೈಕ್ ಓಡಿಸಿದರೆ 14,000 ಮನೆಯಲ್ಲೇ ಉಳಿಯುತ್ತದೆ ನಿಜ. ಆದರೆ ಅದು ದುಡಿಮೆಯ ಕೂಲಿ, ಲಾಭವಲ್ಲ.

ಅಂಗಡಿಯವರಿಗೆ ಅನುಕೂಲ
ಅಂಗಡಿ ಇರುವವರಿಗೆ ಜಾಗದ ಬಾಡಿಗೆ ಹೊಸ ಖರ್ಚಲ್ಲ. ಅಮೆಜಾನ್ 2015ರಲ್ಲಿ ‘ಐ ಹ್ಯಾವ್ ಸ್ಪೇಸ್’ ಹೆಸರಿನಲ್ಲಿ ಕಿರಾಣಿ ಅಂಗಡಿಗಳಿಂದ 2ರಿಂದ 4 ಕಿ.ಮೀ. ಒಳಗೆ ಪಾರ್ಸೆಲ್ ತಲುಪಿಸುವ ಯೋಜನೆ ಶುರು ಮಾಡಿದ್ದು ಇದೇ ಲೆಕ್ಕದ ಮೇಲೆ. ಅಂಗಡಿ ಜೊತೆಗಿನ ಉಪಕಸುಬಾಗಿ ಇದು ನಡೆಯಬಹುದು. ಸಾಲ ಮಾಡಿ ಇದನ್ನೇ ನಂಬಿ ಕೂರುವುದು ಕಷ್ಟ.

ಕಾಣದ ಖರ್ಚುಗಳು
* ಕ್ಯಾಶ್ ಆನ್ ಡೆಲಿವರಿ ಹಣ ಕಡಿಮೆ ಬಂದರೆ, ಮೊಬೈಲ್‌ನಂಥ ಮಾಲು ಕಳೆದರೆ ಗುತ್ತಿಗೆದಾರರ ಬಿಲ್ ಅಥವಾ ಠೇವಣಿಯಲ್ಲಿ ಮುರಿದುಕೊಳ್ಳಬಹುದು. 1,500 ರೂ. ಮುರಿದರೆ 100 ಪಾರ್ಸೆಲ್‌ನ ದುಡಿಮೆ ಹೋದಂತೆ. ದಿನದ ಲೆಕ್ಕ ಅದೇ ಸಂಜೆ ಮುಗಿಸಿ.
* ಬಿಲ್ ತಡವಾಗಿ ಬಂದರೂ ಸಂಬಳ, ಪೆಟ್ರೋಲ್ ನಿಲ್ಲುವುದಿಲ್ಲ. ಕನಿಷ್ಠ ಎರಡು ತಿಂಗಳ ಖರ್ಚು ಕೈಯಲ್ಲಿರಲಿ.
* ಗುತ್ತಿಗೆ ಪಾವತಿ ವರ್ಷಕ್ಕೆ 1 ಲಕ್ಷ ದಾಟಿದರೆ ವ್ಯಕ್ತಿಗಳಿಗೆ ಶೇ 1ರಷ್ಟು ಟಿಡಿಎಸ್ ಕಡಿತ. ತೆರಿಗೆ ಬಾಕಿ ಇಲ್ಲದಿದ್ದರೆ ರಿಟರ್ನ್ಸ್ ಸಲ್ಲಿಸಿ ವಾಪಸ್ ಪಡೆಯಬಹುದು.
* ಹಬ್ಬದ ಸೀಸನ್‌ನ ಪಾರ್ಸೆಲ್ ಸಂಖ್ಯೆ ವರ್ಷವಿಡೀ ಇರುವುದಿಲ್ಲ.

ಲೈನ್ ಯಾರ ಸ್ವತ್ತು?
‘ನಡೀತಿರೋ ಲೈನ್, ಬಿಟ್ಟುಕೊಡ್ತೀನಿ’ ಎಂದು ಗುಡ್‌ವಿಲ್ ಹಣ ಕೇಳುವವರಿದ್ದಾರೆ. ಆದರೆ ಪಿನ್‌ಕೋಡ್ ಯಾರ ಸ್ವತ್ತೂ ಅಲ್ಲ, ಇರುವುದು ಕರಾರು ಮಾತ್ರ. ದರ ಇಳಿಸುವ, ಪ್ರದೇಶ ಹಂಚುವ, ನೋಟಿಸ್ ಕೊಟ್ಟು ರದ್ದು ಮಾಡುವ ಅಧಿಕಾರ ಕಂಪನಿಗೆ ಎಷ್ಟಿದೆ ಎಂದು ಓದಿ. ಕರಾರು ನಿಮ್ಮ ಹೆಸರಿಗೆ ವರ್ಗವಾಗುತ್ತದೆಂದು ಕಂಪನಿಯಿಂದಲೇ ಬರಹದಲ್ಲಿ ಪಡೆಯಿರಿ. ಹಿಂದಿನ ಆರು ತಿಂಗಳ ಬಿಲ್ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆ ನೋಡಿ. ಅವೆರಡನ್ನೂ ತೋರಿಸಲು ಹಿಂಜರಿದರೆ ಮುಂಗಡ ಕೊಡದಿರುವುದೇ ಒಳ್ಳೆಯದು.